ಒಂದು ಗೆರೆ, ಎರಡು ತುದಿ

ಫ್ಲಾಸ್ಕಿನಲ್ಲಿ ಚಹಾ ಇತ್ತು. ಹದಿನಾರು ವರ್ಷದ ಹಿಂದೆ ತುಂಬಿಟ್ಟದ್ದು. ರುಚಿ ನೋಡಿದವರು ಕುಡಿಯುವಂತೆಯೇ ಇದೆ ಅಂದರಂತೆ. ಮೆಷಿನ್ ಗನ್ನುಗಳು ಗುಂಡು ಹಾರಿಸುವ ಸ್ಥಿತಿಯಲ್ಲಿದ್ದವು. ರೇಡಿಯೋ ಕೆಟ್ಟಿರಲಿಲ್ಲ. ತಿನ್ನಲು ಒಂದಿಷ್ಟು, ಕುಡಿಯಲು ಒಂದಿಷ್ಟು ನೀರು, ಎಲ್ಲ ಹಾಗೇ ಇತ್ತು. ಹಿಂಭಾಗ ಮುರಿದು ಪಕ್ಕಕ್ಕೆ ತಿರುಗಿ ಬಿದ್ದಿದ್ದು ಬಿಟ್ಟರೆ ಆ ದೊಡ್ಡ ಬಾಂಬರ್ ವಿಮಾನ ಯಾರೋ ಮೆಲ್ಲಗೆ ಇಳಿಸಿ ಹೋದ ಹಾಗೆ ಲಿಬಿಯಾದ ಮರಳಿನ ಮೇಲೆ ಹೊಟ್ಟೆ ಊರಿ ಕೂತಿತ್ತು. ಒಳಗೆ ಒಬ್ಬ ಮನುಷ್ಯನೂ ಇರಲಿಲ್ಲ. ಸುತ್ತಮುತ್ತ ಎಲ್ಲಿ ನೋಡಿದರೂ ಒಂದು ಮೂಳೆ ಸಿಗಲಿಲ್ಲ. ಪ್ಯಾರಾಚೂಟ್ ಕೂಡ ಒಂದೂ ಉಳಿದಿರಲಿಲ್ಲ.

ಆ ವಿಮಾನವನ್ನು ಮೊದಲು ಕಂಡವರು ಅದನ್ನು ಹುಡುಕಿಕೊಂಡು ಹೋದವರೇ ಅಲ್ಲ. 1958ರಲ್ಲಿ ತೈಲ ಹುಡುಕುವ ಬ್ರಿಟಿಷ್ ಕಂಪನಿಯ ಜನ ಆ ಮರುಭೂಮಿಯ ಮೇಲೆ ಹಾರಾಡುತ್ತಿದ್ದರು. ಕೆಳಗೆ ಏನೋ ಮಿನುಗಿತು. ನಕಾಶೆಯಲ್ಲಿ ಗುರುತು ಹಾಕಿಕೊಂಡು, ಟ್ರಿಪೋಲಿ ಹತ್ತಿರದ ವೀಲಸ್ ಎಂಬ ಅಮೆರಿಕನ್ ವಾಯುನೆಲೆಗೆ ಸುದ್ದಿ ಮುಟ್ಟಿಸಿದರು. ನೆಲೆಯವರು ಕಡತ ತೆಗೆದು ನೋಡಿದರೆ ಆ ಸೀಮೆಯಲ್ಲಿ ಯಾವ ವಿಮಾನವೂ ಬಿದ್ದ ದಾಖಲೆ ಇಲ್ಲ. ದಾಖಲೆ ಇಲ್ಲದ ಮೇಲೆ ವಿಮಾನವೂ ಇಲ್ಲ! ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ತರ್ಕ ಹೊಸದೇನಲ್ಲ. 1959ರಲ್ಲಿ ತೈಲದವರೇ ನೆಲದ ಮೇಲೆ ಹೋಗಿ ಮುಟ್ಟಿ ನೋಡಿ ಬಂದ ಮೇಲೆ ಸೇನೆ ಎದ್ದಿತು.

ವಿಮಾನದ ಮೂತಿಯ ಮೇಲೆ ಕೈಬರಹದಲ್ಲಿ ಒಂದು ಹೆಸರಿತ್ತು: ಲೇಡಿ ಬಿ ಗುಡ್. 1924ರಲ್ಲಿ ಗರ್ಶ್‌ವಿನ್ ಸೋದರರು ಕಟ್ಟಿದ ಸಂಗೀತ ನಾಟಕಕ್ಕೂ ಇದೇ ಹೆಸರು. ಕ್ರಮಸಂಖ್ಯೆ ಹಿಡಿದು ಹೋದಾಗ ಕಡತದಲ್ಲಿ ವಿಮಾನ ಸಿಕ್ಕಿತು. 1943ರ ಏಪ್ರಿಲ್ 4ರಂದು ಇಟಲಿಯ ನೇಪಲ್ಸ್ ಬಂದರಿಗೆ ಬಾಂಬು ಹಾಕಲು ಹೋಗಿ ಹಿಂತಿರುಗದ ಬಿ-24 ಲಿಬರೇಟರ್ ಅದು. ಒಂಬತ್ತು ಜನರ ಸಮೇತ ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದಿರಬೇಕೆಂದು ಅಂದೇ ತೀರ್ಮಾನವಾಗಿತ್ತು. ಈಗ ನೋಡಿದರೆ ಅದು ತನ್ನ ನೆಲೆಯಿಂದ 700 ಕಿಲೋಮೀಟರ್ ಆಗ್ನೇಯಕ್ಕೆ, ಸಮುದ್ರಕ್ಕೆ ಬೆನ್ನು ಹಾಕಿ ಬಿದ್ದಿದೆ.

ಬಾಂಬರ್ ಯುದ್ಧದಲ್ಲಿ ಕಾಣೆಯಾಗುವುದು ದಿನನಿತ್ಯದ ಮಾತಾಗಿತ್ತು. ಬ್ರಿಟನ್ನಿನ ಬಾಂಬರ್ ಕಮ್ಯಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಸತ್ತರು. ನೂರರಲ್ಲಿ ನಲವತ್ತನಾಲ್ಕು. 1944ರ ಮಾರ್ಚ್ 30ರ ಒಂದೇ ರಾತ್ರಿ ನ್ಯೂರೆಂಬರ್ಗಿಗೆ ಹೊರಟ 795 ವಿಮಾನಗಳಲ್ಲಿ 95 ವಾಪಸು ಬರಲಿಲ್ಲ. ಲಂಡನ್ನಿನ ಪಕ್ಕದ ರನ್ನಿಮೀಡ್ ಸ್ಮಾರಕದ ಕಲ್ಲುಗಳ ಮೇಲೆ ಸಮಾಧಿಯೇ ಇಲ್ಲದ 20,000ಕ್ಕೂ ಹೆಚ್ಚು ಹಾರಾಟಗಾರರ ಹೆಸರುಗಳಿವೆ. ಇಂಥ ಲೆಕ್ಕದ ನಡುವೆ ಒಂಬತ್ತು ಹೆಸರು ಯಾವ ಮೂಲೆಗೆ? ಆದರೆ ಆ ಸಾವಿರಾರು ಕಥೆಗಳಲ್ಲಿ ಹೆಚ್ಚಿನವು ಬೆಂಕಿಯಲ್ಲಿ ಇಲ್ಲವೇ ನೀರಿನಲ್ಲಿ ಅಳಿಸಿಹೋದವು. ಲೇಡಿ ಬಿ ಗುಡ್‌ನ ಕಥೆ ಒಣ ಮರಳಿನಲ್ಲಿ ಅಳಿಯದೆ ಉಳಿಯಿತು. ಅದಕ್ಕೇ ಅದನ್ನು ಹೇಳಲು ಸಾಧ್ಯ.

ಲಿಬರೇಟರ್ ಅಂದರೆ ನಮಗೆ ತೀರಾ ಅಪರಿಚಿತ ಯಂತ್ರವಲ್ಲ. ನಾಲ್ಕು ಎಂಜಿನ್, ಉದ್ದವಾದ ಕಿರಿದಾದ ರೆಕ್ಕೆ, ಡೊಳ್ಳು ಹೊಟ್ಟೆ, ಎರಡು ಬಾಲ. 18,000ಕ್ಕೂ ಹೆಚ್ಚು ತಯಾರಾದ, ಬಾಂಬರ್‌ಗಳಲ್ಲೇ ಅತಿ ಹೆಚ್ಚು ಸಂಖ್ಯೆಯ ವಿಮಾನ ಅದು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳ ರಾಶಿಯಿಂದ ಸುಮಾರು ನಲವತ್ತನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಎಬ್ಬಿಸಿ ನಿಲ್ಲಿಸಿದರು. ಅಲ್ಲೇ ಅಷ್ಟಿಷ್ಟು ರಿಪೇರಿ ಮಾಡಿ, ಕಾರ್ಖಾನೆಯ ಪೈಲಟ್ ಜಮ್ಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಗುಜರಿ ಅಂಗಡಿಯ ಸೈಕಲ್ಲನ್ನು ದಾರಿಯಲ್ಲಿ ತುಳಿದುಕೊಂಡು ಬಂದ ಹಾಗೆ. ಅವು ಭಾರತೀಯ ವಾಯುಪಡೆಯಲ್ಲಿ 1968ರ ತನಕ ಹಾರಿದವು. ಒಂದು ಇಂದಿಗೂ ದೆಹಲಿಯ ಪಾಲಂ ಮ್ಯೂಸಿಯಮ್ಮಿನಲ್ಲಿದೆ. ಅದರ ಮೂತಿಯ ಕೆಳಗೆ ನಿಂತು ಕತ್ತೆತ್ತಿದರೆ, ಇಷ್ಟು ದೊಡ್ಡ ಜಂತು ನಡುರಾತ್ರಿ ಒಂದೇ ಎಂಜಿನ್ನಿನಲ್ಲಿ, ಚುಕ್ಕಾಣಿ ಹಿಡಿಯಲು ಯಾರೂ ಇಲ್ಲದೆ ನೆಲಕ್ಕಿಳಿದಿದ್ದು ಹೇಗೆ ಎಂಬ ಪ್ರಶ್ನೆ ಬರದೆ ಇರದು. ಲೇಡಿ ಬಿ ಗುಡ್ ಇಳಿದದ್ದು ಹಾಗೆಯೇ.

ಒಂಬತ್ತು ಜನರೂ ಹೊಸಬರು. ಮಾರ್ಚ್ ಎರಡನೇ ಭಾಗದಲ್ಲಿ ಲಿಬಿಯಾಕ್ಕೆ ಬಂದಿಳಿದಿದ್ದರು. ವಿಮಾನವೂ ಹೊಸದು. ಬೆಂಘಾಜಿಯ ದಕ್ಷಿಣಕ್ಕಿದ್ದ ಸೊಲೂಕ್ ಎಂಬ ಮಣ್ಣಿನ ಓಡುದಾರಿಗೆ ಬಂದು ಹತ್ತೇ ದಿನವಾಗಿತ್ತು. ಪೈಲಟ್ ವಿಲಿಯಂ ಹ್ಯಾಟನ್, ಪಕ್ಕದ ಆಸನದಲ್ಲಿ ರಾಬರ್ಟ್ ಟೋನರ್, ದಾರಿಯ ಲೆಕ್ಕ ಇಡುವ ನ್ಯಾವಿಗೇಟರ್ ಹೇಸ್, ಬಾಂಬು ಗುರಿ ಹಿಡಿಯುವ ಜಾನ್ ವೊರಾವ್ಕಾ. ಎಂಜಿನ್ನುಗಳ ಉಸ್ತುವಾರಿ ರಿಪ್‌ಸ್ಲಿಂಗರ್‌ನದು, ರೇಡಿಯೋ ಲಮಾಟ್‌ನದು. ಶೆಲ್ಲಿ, ಮೂರ್, ಆಡಮ್ಸ್ ಗನ್ನರ್‌ಗಳು. ನ್ಯೂಯಾರ್ಕ್, ಮಿಷಿಗನ್, ಒಹಾಯೋ, ಮಿಸೌರಿ, ಇಲಿನಾಯ್ ಎಂದು ದಿಕ್ಕಿಗೊಬ್ಬರಂತೆ ಬಂದವರು. ಯುದ್ಧಕ್ಕೆ ಅದು ಅವರ ಮೊದಲ ಹಾರಾಟ.

ಅಂದು ಮಧ್ಯಾಹ್ನ ಮರಳುಗಾಳಿ. 25 ಲಿಬರೇಟರ್‌ಗಳು ಹೊರಡಬೇಕಿತ್ತು. ಮುಂದಿನದು ಎಬ್ಬಿಸಿದ ಧೂಳನ್ನು ಹಿಂದಿನದು ನುಂಗಿಕೊಂಡು ಏರಬೇಕು. ಲೇಡಿ ಬಿ ಗುಡ್ ಏರಿದ್ದು ಕೊನೆಕೊನೆಗೆ. ಅದರ ಜೊತೆಯ ಹಲವು ವಿಮಾನಗಳ ಎಂಜಿನ್ನಿಗೆ ಮರಳು ಹೊಕ್ಕು ಅರ್ಧ ದಾರಿಯಿಂದ ತಿರುಗಿ ಬಂದವು. ಉಳಿದ ಮೂರು ನಾಲ್ಕರ ಜೊತೆ ಹ್ಯಾಟನ್ ಮುಂದೆ ಹೋದ. ನೇಪಲ್ಸ್ ಮೇಲೆ ತಲುಪುವ ಹೊತ್ತಿಗೆ ರಾತ್ರಿ ಎಂಟರ ಸುಮಾರು, ಕೆಳಗೆ ಏನೂ ಕಾಣದು. ಬಾಂಬುಗಳನ್ನು ಸಮುದ್ರಕ್ಕೆ ಸುರಿದು, ಭಾರ ಇಳಿಸಿಕೊಂಡು, ಕತ್ತಲಲ್ಲಿ ಒಂಟಿಯಾಗಿ ಮನೆ ಕಡೆ ತಿರುಗಿದರು. ಶತ್ರುವಿನ ಒಂದು ಗುಂಡೂ ತಾಗಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು.

ರಾತ್ರಿ 12 ಗಂಟೆ 12 ನಿಮಿಷಕ್ಕೆ ಹ್ಯಾಟನ್ ರೇಡಿಯೋದಲ್ಲಿ ನೆಲೆಯನ್ನು ಕರೆದ. ತನ್ನ ದಿಕ್ಸೂಚಕ ರೇಡಿಯೋ ಕೆಲಸ ಮಾಡುತ್ತಿಲ್ಲ, ನಾನೆಲ್ಲಿದ್ದೇನೆ ಹೇಳಿ ಎಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಚಿಕ್ಕವನಿದ್ದಾಗ ಮನೆಯಲ್ಲೊಂದು ಟ್ರಾನ್ಸಿಸ್ಟರ್ ಇತ್ತು. ಧಾರವಾಡ ಕೇಂದ್ರ ಹಾಕಿ ಅದನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಕಡೆ ಬಂದಾಗ ದನಿ ಕ್ಷೀಣಿಸಿ ಹೆಚ್ಚುಕಡಿಮೆ ಅಡಗಿಹೋಗುತ್ತಿತ್ತು. ಇನ್ನೂ ತಿರುಗಿಸಿದರೆ ಮತ್ತೆ ಏರುವುದು, ಸರಿಯಾಗಿ ಎದುರು ದಿಕ್ಕಿಗೆ ಬಂದಾಗ ಮತ್ತೆ ಅಡಗುವುದು. ಒಳಗಿನ ಆಂಟೆನಾ ನೆಟ್ಟಗೆ ಯಾವ ಗೆರೆಯ ಮೇಲೆ ಧಾರವಾಡವಿದೆ ಎಂದು ಹೇಳುತ್ತಿತ್ತು. ಗೆರೆಯ ಈ ತುದಿಯಲ್ಲೋ ಆ ತುದಿಯಲ್ಲೋ ಎಂದು ಮಾತ್ರ ಹೇಳುತ್ತಿರಲಿಲ್ಲ. ನಮಗದು ಆಟ. ಧಾರವಾಡ ಯಾವ ಕಡೆಗಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ.

ಬೆಂಘಾಜಿಯ ಪಕ್ಕದ ಬೆನಿನಾ ಕೇಂದ್ರದಲ್ಲಿ ಆ ರಾತ್ರಿ ಇದ್ದದ್ದೂ ಇಂಥದೇ ಗುಣದ, ಸುತ್ತು ತಂತಿಯ ಆಂಟೆನಾ. ಅಲ್ಲಿದ್ದವನು ಹ್ಯಾಟನ್‌ನ ದನಿ ಬರುತ್ತಿರುವ ಗೆರೆಯನ್ನು ಹಿಡಿದ. 330 ಡಿಗ್ರಿ ಎಂದು ತಿಳಿಸಿದ. ಅಂದರೆ ವಾಯವ್ಯ, ಸಮುದ್ರದ ಕಡೆ. ಇಟಲಿಯಿಂದ ಬರುವ ವಿಮಾನ ಸಮುದ್ರದ ಮೇಲಲ್ಲದೆ ಇನ್ನೆಲ್ಲಿರುತ್ತದೆ? ಆದರೆ ಅದೇ ಗೆರೆಯ ಇನ್ನೊಂದು ತುದಿ 150 ಡಿಗ್ರಿ, ಆಗ್ನೇಯ, ಸಹಾರಾ. ವಿಮಾನ ಆಗಲೇ ನೆಲೆಯನ್ನು ದಾಟಿ ಆ ತುದಿಗೆ ಬಂದುಬಿಟ್ಟಿತ್ತು ಎಂಬುದು ಇಂದಿಗೂ ಹೆಚ್ಚಿನವರು ಒಪ್ಪುವ ವಿವರಣೆ. ಅದೇ ಆಂಟೆನಾದಿಂದ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಗೆರೆ ಹಿಡಿದಿದ್ದರೆ, ದನಿ ಬಲಿಯುತ್ತಿದೆಯೋ ಸೊರಗುತ್ತಿದೆಯೋ ನೋಡಿದ್ದರೆ ಗೊತ್ತಾಗಬಹುದಿತ್ತು ಅನ್ನಿಸುತ್ತದೆ. ಇಷ್ಟು ವರ್ಷ ಕಳೆದ ಮೇಲೆ ಕುರ್ಚಿಯಲ್ಲಿ ಕೂತು ಹೀಗೆ ಹೇಳುವುದು ಬಹಳ ಸುಲಭ.

ನೆಲೆಯಲ್ಲಿ ದೀಪದ ಬಾಣಗಳನ್ನು ಹಾರಿಸಿದರು. ವಿಮಾನದಲ್ಲಿದ್ದವರು ನೋಡಲಿಲ್ಲ. ಯುದ್ಧದ ಕತ್ತಲಲ್ಲಿ ಊರುಗಳಿಗೂ ದೀಪವಿಲ್ಲ. ಮೇಲಿನಿಂದ ರಾತ್ರಿಯ ಮರುಭೂಮಿಗೂ ರಾತ್ರಿಯ ಸಮುದ್ರಕ್ಕೂ ಏನು ವ್ಯತ್ಯಾಸ? ದಡ ಈಗ ಬಂದೀತು, ಆಗ ಬಂದೀತು ಎಂದು ಕಾಯುತ್ತ ಇನ್ನೂ ಎರಡು ಗಂಟೆ ಹಾರಿದರು. ರಾತ್ರಿ ಎರಡರ ಹೊತ್ತಿಗೆ ಪೆಟ್ರೋಲು ಮುಗಿಯುತ್ತ ಬಂತು. ಒಂಬತ್ತೂ ಜನ ಪ್ಯಾರಾಚೂಟ್ ಕಟ್ಟಿಕೊಂಡು ಕತ್ತಲಿಗೆ ಹಾರಿದರು. ಕೆಲವರು ಮುಳುಗದಂತೆ ತೇಲಿಸುವ ಜಾಕೆಟ್ಟನ್ನೂ ತೊಟ್ಟಿದ್ದರು. ಕೆಳಗಿರುವುದು ನೀರೆಂದೇ ನಂಬಿದ್ದರು. ಕಾಲಿಗೆ ತಾಗಿದ್ದು ಜಲ್ಲಿ ಬೆರೆತ ಗಟ್ಟಿ ನೆಲ. ಖಾಲಿ ವಿಮಾನ ತನ್ನ ಪಾಡಿಗೆ ಇನ್ನೂ 26 ಕಿಲೋಮೀಟರ್ ಹೋಗಿ, ಚಹಾದ ಫ್ಲಾಸ್ಕನ್ನೂ ನೀರನ್ನೂ ರೇಡಿಯೋವನ್ನೂ ಹೊತ್ತು ನೆಲಕ್ಕಿಳಿಯಿತು.

ಆಮೇಲೆ ನೆಲೆಯವರು ಹುಡುಕಿದರು. ಸಮುದ್ರದ ಮೇಲೆ.

1959ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಈ ಒಂಬತ್ತು ಜನರನ್ನು ಮತ್ತೊಮ್ಮೆ ಹುಡುಕಲು ಹೊರಟಾಗ, ವಿಮಾನದಿಂದ ಉತ್ತರ-ವಾಯವ್ಯಕ್ಕೆ ಒಂದಿಷ್ಟು ದೂರದಲ್ಲಿ ಅವರಿಗೆ ಮೊದಲ ಸುಳಿವು ಸಿಕ್ಕಿತು. ಬಾಣದ ಆಕಾರದಲ್ಲಿ ಜೋಡಿಸಿಟ್ಟ ಬೂಟುಗಳು. ಆಮೇಲೆ ಪ್ಯಾರಾಚೂಟಿನ ಬಟ್ಟೆಯ ಪಟ್ಟಿಗಳು, ಅದೇ ಬಾಣದ ಆಕಾರ, ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರಿದ್ದು. ಯಾರಾದರೂ ಮೇಲಿಂದ ನೋಡಿದರೆ ತಾವು ಹೋದ ದಿಕ್ಕು ತಿಳಿಯಲಿ ಎಂದು ಇಟ್ಟದ್ದು. ಹದಿನಾರು ವರ್ಷ ಆ ಕಲ್ಲುಗಳು ಅಲ್ಲಾಡಿರಲಿಲ್ಲ. ಬಾಣಗಳ ಜಾಡು ಹಿಡಿದು ಹೋದವರಿಗೆ ಎತ್ತರದ ಮರಳುದಿಬ್ಬಗಳು ಎದುರಾದವು. ಅಲ್ಲಿಗೆ ಜಾಡು ಕಡಿಯಿತು. ತಿಂಗಳುಗಟ್ಟಲೆ ಹುಡುಕಿ, ವಾಹನಗಳೂ ಸುಸ್ತಾಗಿ, ಹೆಣಗಳು ಮರಳಿನಡಿ ಹೂತುಹೋಗಿರಬೇಕೆಂದು ಷರಾ ಬರೆದು ವಾಪಸಾದರು. ಕೈಯಲ್ಲಿದ್ದ ಅಲ್ಪಸ್ವಲ್ಪ ನೀರಿನಲ್ಲಿ ಮನುಷ್ಯ ನಡೆಯಬಹುದಾದಷ್ಟು ದೂರವನ್ನು ಸೇನೆಯವರು ಹುಡುಕಿಯಾಗಿತ್ತು. ಆ ಹುಡುಗರು ಅದಕ್ಕಿಂತ ಬಹಳ ಮುಂದೆ ಹೋಗಿದ್ದರು.

1960ರ ಫೆಬ್ರವರಿಯಲ್ಲಿ ಮತ್ತೆ ತೈಲ ಕಂಪನಿಯವರಿಗೇ ಐದು ಅಸ್ಥಿಪಂಜರಗಳು ಒಟ್ಟಿಗೆ ಸಿಕ್ಕವು. ಹ್ಯಾಟನ್, ಟೋನರ್, ಹೇಸ್, ಲಮಾಟ್, ಆಡಮ್ಸ್. ವಿಮಾನ ಬಿದ್ದ ಜಾಗದಿಂದ ಸುಮಾರು 130 ಕಿಲೋಮೀಟರ್ ದೂರ. ಪಕ್ಕದಲ್ಲಿ ನೀರಿನ ಕ್ಯಾಂಟೀನು, ಟಾರ್ಚು, ಪ್ಯಾರಾಚೂಟಿನ ತುಂಡುಗಳು. ಟೋನರ್ ಬಳಿ ಒಂದು ಪುಟ್ಟ ಡೈರಿ.

ಆ ಡೈರಿಯಲ್ಲಿ ದಿನಕ್ಕೆ ನಾಲ್ಕಾರು ಸಾಲಿಗಿಂತ ಹೆಚ್ಚಿಲ್ಲ. ಕಥೆ ಹೇಳುವ ಉದ್ದೇಶ ಇರಲೇ ಇಲ್ಲ. ಕಿರಾಣಿ ಅಂಗಡಿಯ ಲೆಕ್ಕದ ಹಾಗೆ ಬರೆದುಕೊಂಡು ಹೋಗಿದ್ದಾನೆ. ಏಪ್ರಿಲ್ 4ರ ಪುಟದಲ್ಲಿ ನೇಪಲ್ಸ್, ದಾರಿ ತಪ್ಪಿದ್ದು, ಪೆಟ್ರೋಲು ಮುಗಿದದ್ದು, ಹಾರಿದ್ದು. ಯಾರಿಗೂ ದೊಡ್ಡ ಪೆಟ್ಟಿಲ್ಲ. ಜಾನ್ ಒಬ್ಬ ಸಿಗುತ್ತಿಲ್ಲ, ಮಿಕ್ಕವರೆಲ್ಲ ಇದ್ದಾರೆ. ಮಾರನೇ ದಿನ ವಾಯವ್ಯಕ್ಕೆ ನಡೆಯಲು ಶುರು, ಜಾನ್ ಇನ್ನೂ ಇಲ್ಲ. ಎಂಟು ಜನಕ್ಕೆ ಅರ್ಧ ಕ್ಯಾಂಟೀನು ನೀರು. ದಿನಕ್ಕೆ ತಲೆಗೊಂದು ಮುಚ್ಚಳ. ಆ ಮುಚ್ಚಳದ ಅಳತೆ ಎಷ್ಟಿರಬಹುದೆಂದು ನಾನೊಮ್ಮೆ ನೀರಿನ ಬಾಟಲಿಯ ಮುಚ್ಚಳಕ್ಕೆ ಬಗ್ಗಿಸಿ ಕುಡಿದು ನೋಡಿದೆ. ನಾಲಗೆ ದಾಟಲಿಲ್ಲ.

ಸಮುದ್ರ ಹತ್ತಿರದಲ್ಲೇ ಇದೆ ಎಂಬುದು ಅವರ ಲೆಕ್ಕ. ದಡಕ್ಕೆ ತುಸು ಈಚೆ ಬಿದ್ದಿದ್ದೇವೆ, ವಾಯವ್ಯಕ್ಕೆ ನಡೆದರೆ ನೆಲೆ ಸಿಗುತ್ತದೆ. ದಿಕ್ಕು ಸರಿಯಾಗಿಯೇ ಇತ್ತು. ದೂರ ಮಾತ್ರ 700 ಕಿಲೋಮೀಟರ್. ಹಿಂದೆ ತಿರುಗಿ ನಡೆದಿದ್ದರೆ ಒಂದು ಒಂದೂವರೆ ದಿನದಲ್ಲಿ ವಿಮಾನ, ನೀರು, ರೇಡಿಯೋ ಸಿಗುತ್ತಿತ್ತು. ಈ ಮಾತನ್ನು ಈ ಕಥೆ ಬರೆದವರೆಲ್ಲ ಬರೆದಿದ್ದಾರೆ, ನಾನೂ ಬರೆದೆ. ಆದರೆ ಪೆಟ್ರೋಲು ಮುಗಿದ, ಚುಕ್ಕಾಣಿ ಬಿಟ್ಟ ವಿಮಾನ ಚೂರಾಗದೆ ಇಳಿದೀತೆಂದು ನಂಬಿ ಅದರ ಕಡೆಗೆ ನಡೆಯುವವನು ಬುದ್ಧಿವಂತನೋ ಹುಚ್ಚನೋ? ಆ ಎಂಟು ಜನ ಮಾಡಿದ್ದು ಯಾರಾದರೂ ಮಾಡುವಂಥದ್ದೇ.

ಹದಿನೈದು ನಿಮಿಷ ನಡಿಗೆ, ಐದು ನಿಮಿಷ ವಿಶ್ರಾಂತಿ. ಹಗಲು ಬಿಸಿಲು ನೆತ್ತಿಗೆ ಬರುವಾಗ ಬಿದ್ದುಕೊಳ್ಳುವುದು, ಸಂಜೆ ಐದಕ್ಕೆ ಏಳುವುದು, ರಾತ್ರಿಯಿಡೀ ನಡೆಯುವುದು. ಹಗಲು ಸುಡುವ ನೆಲ, ರಾತ್ರಿ ಎರಡು ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುವ ಚಳಿ. ನಿದ್ದೆ ಇಲ್ಲ. 7ರ ಹೊತ್ತಿಗೆ ಎಲ್ಲರೂ ಸೋತಿದ್ದಾರೆ, ಪ್ರಾರ್ಥನೆ ನಿಂತಿಲ್ಲ. 8ರಂದು ಮರಳುದಿಬ್ಬಗಳು ಎದುರಾಗುತ್ತವೆ. ಆಡಮ್ಸ್, ಮೂರ್ ಇಬ್ಬರದೂ ಮುಗಿಯಿತೆಂದು ತೋರುತ್ತದೆ. ಹಾರುವ ಮರಳಿಗೆ ಲಮಾಟ್‌ನ ಕಣ್ಣು ಹೋಗಿದೆ, ಮಿಕ್ಕವರದೂ ಹೋಗುವುದರಲ್ಲಿದೆ. ಮಾರನೇ ದಿನ ಶೆಲ್ಲಿ, ರಿಪ್‌ಸ್ಲಿಂಗರ್ ಮತ್ತು ಮೂರ್, ಹಿಂದಿನ ದಿನ ಇನ್ನೇನು ಸತ್ತೇ ಹೋದ ಎನ್ನಿಸಿದ್ದ ಅದೇ ಮೂರ್, ಸಹಾಯ ತರುತ್ತೇವೆಂದು ಮುಂದೆ ಹೊರಡುತ್ತಾರೆ. ಉಳಿದ ಐವರಿಗೆ ಹೆಜ್ಜೆ ಏಳುವುದಿಲ್ಲ. 10ರಂದು ಒಂದೆರಡು ಹಕ್ಕಿ ಕಂಡಿವೆ. ಹಕ್ಕಿ ಕಂಡದ್ದನ್ನು ಬರೆದಿಟ್ಟಿದ್ದಾನೆ! 11ರ ಭಾನುವಾರ, ನೀರು ಇನ್ನು ನಾಲಗೆಗೆ ಮುಟ್ಟಿಸುವಷ್ಟೇ ಉಳಿದಿದೆ, ನೀರೊಂದಿದ್ದರೆ ಗೆಲ್ಲಬಹುದಿತ್ತು ಎಂಬ ಮಾತು, ಆದರೂ ಸಹಾಯ ಬಂದೇ ಬರುತ್ತದೆಂಬ ಆಸೆ. 12ರ ಸೋಮವಾರ ಎರಡೇ ಸಂಗತಿ: ಸಹಾಯ ಬಂದಿಲ್ಲ, ರಾತ್ರಿ ವಿಪರೀತ ಚಳಿ. ಅಲ್ಲಿಂದ ಮುಂದಿನ ಹಾಳೆಗಳು ಖಾಲಿ.

ಅವರು ಬದುಕಿ ನೆಲೆಗೆ ಮುಟ್ಟಿದ್ದರೆ ಏನಾಗುತ್ತಿತ್ತು? ನಾಲ್ಕು ತಿಂಗಳ ಬಳಿಕ, ಆಗಸ್ಟ್ 1ರಂದು, ಅವರದೇ 376ನೇ ಬಾಂಬರ್ ತುಕಡಿ ಅದೇ ಬೆಂಘಾಜಿ ಸೀಮೆಯಿಂದ ರೊಮೇನಿಯಾದ ಪ್ಲೊಯೆಸ್ಟಿ ತೈಲ ಶುದ್ಧೀಕರಣಾಗಾರಗಳ ಮೇಲೆ ಹೋದ ದಾಳಿಯ ಮುಂಚೂಣಿಯಲ್ಲಿತ್ತು. ಮುಂಚೂಣಿಯವರು ಒಂದು ಊರನ್ನು ಇನ್ನೊಂದು ಊರೆಂದು ತಿಳಿದು ತಪ್ಪು ತಿರುವು ತೆಗೆದುಕೊಂಡರು. ಹೊರಟ 177 ಲಿಬರೇಟರ್‌ಗಳಲ್ಲಿ 54 ಹೋದವು, ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಲಿಬರೇಟರ್‌ಗಳು ಬಿದ್ದದ್ದು ಯುರೋಪಿನಲ್ಲಷ್ಟೇ ಅಲ್ಲ: ಮಾರನೇ ವರ್ಷ ಚೀನಾದಿಂದ ಅಸ್ಸಾಮಿಗೆ ಹಿಮಾಲಯದ ಮೇಲೆ ಬರುತ್ತಿದ್ದ ಲಿಬರೇಟರ್‌ಗಳು ಅರುಣಾಚಲದ ಬೆಟ್ಟಗಳಲ್ಲಿ ಬಿದ್ದವು. 1944ರ ಜನವರಿಯಲ್ಲಿ ಹಾಗೆ ಬಿದ್ದ ಒಂದರ ಅವಶೇಷ 2006ರಲ್ಲಿ ಸಿಕ್ಕಿತು. ಅರುಣಾಚಲದಿಂದ ಹೊರತೆಗೆದ ಹಾರಾಟಗಾರರ ಅಸ್ಥಿಗಳು 2016ರಲ್ಲಿ ದೆಹಲಿಯ ಮೂಲಕ ಅಮೆರಿಕಕ್ಕೆ ಹೋದವು.

ಲೇಡಿ ಬಿ ಗುಡ್ ಮೇಲೆ ಆಮೇಲೆ ದೆವ್ವದ ಕಥೆಗಳೂ ಹುಟ್ಟಿದವು. ಅದರಿಂದ ಬಿಚ್ಚಿದ ಬಿಡಿಭಾಗ ಹಾಕಿಕೊಂಡ ವಿಮಾನಗಳಿಗೆ ಆಪತ್ತು ತಪ್ಪಲಿಲ್ಲವಂತೆ. ಹದಿನಾರು ವರ್ಷ ಮರಳಲ್ಲಿದ್ದ ಉಪಕರಣ ಕೈಕೊಟ್ಟಿತೆಂದರೆ ಅದಕ್ಕೆ ದೆವ್ವವೇ ಬೇಕೆ? ಮರಳಲ್ಲೇ ಉಳಿದ ವಿಮಾನವನ್ನು ಕಂಡವರು ಕಂಡಷ್ಟು ಕಿತ್ತುಕೊಂಡು ಹೋದರು. 1994ರಲ್ಲಿ ಮಿಕ್ಕಿದ್ದನ್ನು ಲಿಬಿಯಾದವರು ಟ್ರಕ್ಕಿಗೆ ಹೇರಿ ಟೋಬ್ರೂಕ್‌ಗೆ ಸಾಗಿಸಿದರು.

ಸಹಾಯ ತರಲು ಹೋದ ಮೂವರಲ್ಲಿ ಶೆಲ್ಲಿ ಮತ್ತು ರಿಪ್‌ಸ್ಲಿಂಗರ್ 1960ರ ಮೇ ತಿಂಗಳಲ್ಲಿ ಸಿಕ್ಕರು. ಐವರನ್ನು ಬಿಟ್ಟ ಜಾಗದಿಂದ ಒಬ್ಬೊಬ್ಬರೂ 30 ಕಿಲೋಮೀಟರಿಗೂ ಹೆಚ್ಚು ಮುಂದೆ, ಬೇರೆ ಬೇರೆ ಕಡೆ, ಆ ದಿಬ್ಬಗಳ ಮೇಲೆ, ಹೆಚ್ಚುಕಡಿಮೆ ನೀರೇ ಇಲ್ಲದೆ ನಡೆದಿದ್ದರು. ವರ್ನನ್ ಮೂರ್ ಇಂದಿಗೂ ಸಿಕ್ಕಿಲ್ಲ.

ಜಾನ್ ವೊರಾವ್ಕಾ ಸಿಕ್ಕಿದ್ದು ಎಲ್ಲರಿಗಿಂತ ಕೊನೆಗೆ, ಅದೇ ವರ್ಷದ ಆಗಸ್ಟಿನಲ್ಲಿ, ವಿಮಾನಕ್ಕೆ ಎಲ್ಲರಿಗಿಂತ ಹತ್ತಿರದಲ್ಲಿ. ತೇಲುವ ಜಾಕೆಟ್ ಮೈಮೇಲೇ ಇತ್ತು. ಪ್ಯಾರಾಚೂಟ್ ಪೂರಾ ಬಿಚ್ಚಿಕೊಂಡಿರಲಿಲ್ಲ. ಗೆಳೆಯರು ಕತ್ತಲಲ್ಲಿ ದೀಪದ ಬಾಣ ಹಾರಿಸುತ್ತ, ಕೂಗುತ್ತ ಒಬ್ಬರನ್ನೊಬ್ಬರು ಕೂಡಿಕೊಂಡು ಅವನಿಗಾಗಿ ಕಾದಾಗ ಅವನು ಸತ್ತು ಆಗಲೇ ಒಂದಿಷ್ಟು ಹೊತ್ತಾಗಿತ್ತು.